ಯೋಧನ ಆಸ್ಪತ್ರೆ: ನೋಡುವವರು ಯಾರು, ಖರ್ಚು ಯಾರದು?



ನಮ್ಮ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದ ಮಕ್ಕಳು ಅನೇಕರಿದ್ದಾರೆ. ಸೇವೆ ಮುಗಿಸಿ ಊರಿಗೆ ಬಂದು ಹೊಲ ನೋಡಿಕೊಳ್ಳುತ್ತಿರುವ ಹಿರಿಯರೂ ಇದ್ದಾರೆ. ಮಗನಿಗೆ ಗಡಿಯಲ್ಲಿ ಕಾಯಿಲೆಯಾದರೆ ನೋಡುವವರು ಯಾರು? ಅವನನ್ನು ಹೆತ್ತವರಿಗೂ ಆ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಂಟೇ? ನಿವೃತ್ತನಾದ ಮೇಲೆ ಗತಿಯೇನು? ಇವು ಮನೆಮನೆಯ ಪ್ರಶ್ನೆಗಳು. ಉತ್ತರ ತಿಳಿಯದೆ, ಇರುವ ಸೌಲಭ್ಯವನ್ನೇ ಬಿಟ್ಟು, ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹಣ ಸುರಿಯುವಂತಾಗಬಾರದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಎರಡು ಗಾಲಿಯ ಗಾಡಿ

ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವುದು ರಾಜ್ಯ ಸರ್ಕಾರ. ಸೈನ್ಯದ ಆಸ್ಪತ್ರೆ ಹಾಗಲ್ಲ. ದೇಶದ ರಕ್ಷಣೆ ಕೇಂದ್ರ ಸರ್ಕಾರದ ಹೊಣೆ; ಯೋಧರ ವೈದ್ಯಕೀಯ ಸೇವೆಯೂ ರಕ್ಷಣಾ ಸಚಿವಾಲಯದ ಕೈಕೆಳಗೇ ಇದೆ. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರಕ್ಕೂ ಸೇರಿ ಒಬ್ಬ ಮಹಾನಿರ್ದೇಶಕರು ಇರುತ್ತಾರೆ. 2024ರ ಅಕ್ಟೋಬರ್ 1ರಂದು ಈ ಹುದ್ದೆಗೆ ಮೊದಲ ಬಾರಿಗೆ ಒಬ್ಬ ಮಹಿಳೆ, ಸರ್ಜನ್ ವೈಸ್ ಅಡ್ಮಿರಲ್ ಆರತಿ ಸರೀನ್, ಬಂದರು.

ಈ ಸೇವೆ ಗಾಡಿಯಂತೆ ಎರಡು ಗಾಲಿಗಳ ಮೇಲೆ ಓಡುತ್ತದೆ. ಒಂದು ಜನ, ಇನ್ನೊಂದು ಹಣ. ಯಾವುದೊಂದು ಸಿಕ್ಕಿಕೊಂಡರೂ ಗಾಡಿ ನಿಂತೇ ಹೋಗುತ್ತದೆ.

ವೈದ್ಯರು, ದಾದಿಯರು ಎಲ್ಲಿಂದ ಬರುತ್ತಾರೆ?

ಬ್ರಿಟಿಷರ ಕಾಲದಲ್ಲಿದ್ದ ಮೂರು ಬೇರೆ ಬೇರೆ ವೈದ್ಯಕೀಯ ಸಂಸ್ಥೆಗಳನ್ನು ಕೂಡಿಸಿ 1943ರ ಏಪ್ರಿಲ್ 3ರಂದು ಸೇನಾ ವೈದ್ಯಕೀಯ ದಳವನ್ನು ಕಟ್ಟಲಾಯಿತು. ಸ್ವಾತಂತ್ರ್ಯ ಬಂದ ಬಳಿಕ, 1948ರಲ್ಲಿ, ಡಾ. ಬಿ. ಸಿ. ರಾಯ್ ಸಮಿತಿಯ ಸಲಹೆಯಂತೆ ಪುಣೆಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಮೊದಲಿಗೆ ಅಲ್ಲಿ ವೈದ್ಯರಾಗಿದ್ದವರಿಗೆ ಮೇಲಿನ ತರಬೇತಿ ಮಾತ್ರ ನಡೆಯುತ್ತಿತ್ತು. 1962ರ ಆಗಸ್ಟ್ 4ರಂದು ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಗಳಿಗೂ ವೈದ್ಯ ಪದವಿಯ ತರಗತಿ ಆರಂಭವಾಯಿತು.

ವೈದ್ಯನನ್ನು ತಯಾರು ಮಾಡುವುದು ತೆಂಗಿನ ಸಸಿ ನೆಟ್ಟಂತೆ. ಬೇಕೆಂದ ದಿನವೇ ಕಾಯಿ ಸಿಗದು. ನಾಲ್ಕೂವರೆ ವರ್ಷ ಓದು, ಮೇಲೊಂದು ವರ್ಷ ಆಸ್ಪತ್ರೆಯಲ್ಲಿ ಅಭ್ಯಾಸ, ಆಮೇಲೆ ಸೈನ್ಯದ ತರಬೇತಿ. ಆದ್ದರಿಂದ ಮುಂದೆ ಬೇಕಾಗುವ ವೈದ್ಯರನ್ನು ಇಂದೇ ಲೆಕ್ಕ ಹಾಕಿ ಆರಿಸಿಕೊಳ್ಳಬೇಕಾಗುತ್ತದೆ. ಪುಣೆಯಲ್ಲಿ ಬೋಧನಾ ಶುಲ್ಕವಿಲ್ಲ. ಅದಕ್ಕೆ ಬದಲಾಗಿ ಓದು ಮುಗಿಸಿದವರು ಗೊತ್ತಾದ ಅವಧಿಯವರೆಗೆ ಸೈನ್ಯದಲ್ಲಿ ಕೆಲಸ ಮಾಡುವುದಾಗಿ ಕರಾರು ಬರೆದುಕೊಡಬೇಕು. ಹೊರಗಿನ ಕಾಲೇಜುಗಳಲ್ಲಿ ಓದಿದ ವೈದ್ಯರನ್ನೂ ಅಲ್ಪಾವಧಿ ಸೇವೆಗೆ ಸೇರಿಸಿಕೊಳ್ಳುತ್ತಾರೆ.

ಸೈನ್ಯದ ದಾದಿಯರ ಸೇವೆ ಇನ್ನೂ ಹಳೆಯದು. 1888ರಲ್ಲಿ ಮುಂಬಯಿಗೆ ಬಂದಿಳಿದ ಹತ್ತು ಮಂದಿ ದಾದಿಯರಿಂದ ಅದು ಆರಂಭವಾಯಿತು. ಇಂದು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿದ ಹೆಣ್ಣುಮಕ್ಕಳಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಶಿಕ್ಷಣವನ್ನು ಸೈನ್ಯವೇ ಕೊಡುತ್ತದೆ. ಅಂತಹ ಕಾಲೇಜುಗಳಲ್ಲಿ ಒಂದು ನಮ್ಮ ಬೆಂಗಳೂರಿನ ವಾಯುಸೇನಾ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಓದು ಮುಗಿಸಿ ಆಯ್ಕೆಯಾದವರು ಅಧಿಕಾರಿಗಳಾಗಿಯೇ ಕೆಲಸಕ್ಕೆ ಸೇರುತ್ತಾರೆ. ವಿಜ್ಞಾನ ಓದುತ್ತಿರುವ ಮಗಳಿರುವ ತಂದೆತಾಯಿಗಳು ಇದನ್ನು ಮನಸ್ಸಿನಲ್ಲಿಡಬೇಕು.

ಇವರಲ್ಲದೆ ನರ್ಸಿಂಗ್ ಸಹಾಯಕ ಸಿಪಾಯಿಗಳಿರುತ್ತಾರೆ. ಲಖನೌ ನಗರದಲ್ಲಿ ಅವರಿಗೆ ತರಬೇತಿ. ಗುಂಡು ತಗುಲಿದ ಯೋಧನ ರಕ್ತ ಕಟ್ಟಿ, ನೋವು ಶಮನ ಮಾಡಿ, ಹಿಂದಕ್ಕೆ ಸಾಗಿಸುವವರು ಹೆಚ್ಚಾಗಿ ಇವರೇ. ಗಾಯಾಳು ಮೊದಲು ತನ್ನ ಪಡೆಯ ವೈದ್ಯಾಧಿಕಾರಿಯ ಬಳಿಗೆ, ಅಲ್ಲಿಂದ ಕ್ಷೇತ್ರ ಆಸ್ಪತ್ರೆಗೆ, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗುತ್ತಾನೆ. ಕೈಕಾಲು ಕಳೆದುಕೊಂಡವರಿಗೆ ಪುಣೆಯಲ್ಲಿ 1944ರಿಂದ ಕೃತಕ ಅಂಗ ಕೇಂದ್ರ ನಡೆದು ಬಂದಿದೆ.

ಹಣ ಎಲ್ಲಿಂದ?

ಸೇವೆಯಲ್ಲಿರುವ ಯೋಧನ ಚಿಕಿತ್ಸೆಗೆ ತಗಲುವ ಖರ್ಚು ರಕ್ಷಣಾ ಮುಂಗಡಪತ್ರದಿಂದ ಬರುತ್ತದೆ. ಅದಕ್ಕೆ ಒಪ್ಪಿಗೆ ಕೊಡುವುದು ಸಂಸತ್ತು. ತುಂಬುವುದು ತೆರಿಗೆ ಕೊಡುವ ನಾವು ನೀವು. ಯೋಧನ ಹೆಂಡತಿ, ಮಕ್ಕಳು ಮತ್ತು ಅವನನ್ನೇ ಅವಲಂಬಿಸಿದ ತಂದೆತಾಯಿಗೂ ಸೈನ್ಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುತ್ತದೆ. ಆದರೆ ಅವಲಂಬಿತರ ಹೆಸರು ಅವನ ಪಡೆಯ ದಾಖಲೆಯಲ್ಲಿ ಬರೆದಿರತಕ್ಕದ್ದು. ಹೆಸರಿಲ್ಲದಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ಮಗನ ಹೆಸರು ಹೇಳಿದರೆ ಸಾಲದು.

ಪಿಂಚಣಿ ಪಡೆಯುವ ಮಾಜಿ ಯೋಧರಿಗಾಗಿ 2003ರ ಏಪ್ರಿಲ್ 1ರಿಂದ ವಂತಿಗೆಯ ಆರೋಗ್ಯ ಯೋಜನೆಯೊಂದು ಜಾರಿಯಲ್ಲಿದೆ. ಇದನ್ನು ಇ.ಸಿ.ಎಚ್.ಎಸ್. ಎಂದು ಕರೆಯುತ್ತಾರೆ. ನಿವೃತ್ತಿಯಾಗುವಾಗ ಒಂದೇ ಸಾರಿ ವಂತಿಗೆ ಕಟ್ಟಬೇಕು. 2017ರ ಡಿಸೆಂಬರಿನಲ್ಲಿ ನಿಗದಿಯಾದಂತೆ ಹವಾಲ್ದಾರ್ ದರ್ಜೆಯವರೆಗೆ 30,000 ರೂಪಾಯಿ, ಸುಬೇದಾರ್ ಶ್ರೇಣಿಗಳಿಗೆ 67,000 ರೂಪಾಯಿ, ಅಧಿಕಾರಿಗಳಿಗೆ 1,20,000 ರೂಪಾಯಿ. 1996ರ ಜನವರಿ 1ಕ್ಕೆ ಮುಂಚೆ ನಿವೃತ್ತರಾದವರಿಗೂ ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ ವಂತಿಗೆ ಇಲ್ಲ.

ಈ ವಂತಿಗೆಯಿಂದಲೇ ಎಲ್ಲ ಖರ್ಚು ನಡೆಯುತ್ತದೆಂದು ಭಾವಿಸಬೇಡಿ. ಬಹುಪಾಲು ಹಣ ಕೇಂದ್ರದ್ದೇ. 2024-25ರ ಮುಂಗಡಪತ್ರದಲ್ಲಿ ಈ ಯೋಜನೆಗೆ 6,968 ಕೋಟಿ, 2025-26ರಲ್ಲಿ 8,317 ಕೋಟಿ ರೂಪಾಯಿ ತೆಗೆದಿಡಲಾಯಿತು. ಒಂದೇ ವರ್ಷದಲ್ಲಿ ಇಷ್ಟು ಏರಿಕೆ ಏಕೆ? ನಿವೃತ್ತರ ಸಂಖ್ಯೆ ಹೆಚ್ಚುತ್ತಿದೆ, ವಯಸ್ಸಾದಂತೆ ಕಾಯಿಲೆಗಳೂ ಹೆಚ್ಚುತ್ತವೆ, ಶಸ್ತ್ರಚಿಕಿತ್ಸೆಯೂ ದುಬಾರಿಯಾಗಿದೆ. ಬಿಲ್ಲಿನ ಹಣ ಸಕಾಲಕ್ಕೆ ಬಾರದೆ ಹೋದರೆ ಖಾಸಗಿ ಆಸ್ಪತ್ರೆಗಳು ಹಿಂಜರಿಯುತ್ತವೆ, ತೊಂದರೆ ರೋಗಿಗೆ. ಹಣದ ಗಾಲಿ ಸಿಕ್ಕಿಕೊಳ್ಳುವುದೆಂದರೆ ಇದೇ.

ಯೋಜನೆಯ ಪಾಲಿಕ್ಲಿನಿಕ್‌ಗಳು ದೇಶದಲ್ಲಿ 400ಕ್ಕೂ ಹೆಚ್ಚು ಇವೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ, ಬೆಳಗಾವಿ, ಮಂಗಳೂರು ಮೊದಲಾದ ಕಡೆ ಇವೆ. ಇಲ್ಲಿನ ವೈದ್ಯರು, ದಾದಿಯರು ಹೆಚ್ಚಾಗಿ ಗುತ್ತಿಗೆಯ ಮೇಲೆ ನೇಮಕವಾದವರು. ಮೊದಲು ಇಲ್ಲಿ ತೋರಿಸಬೇಕು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಅವರು ಚೀಟಿ ಕೊಟ್ಟು ಯೋಜನೆಗೆ ಒಳಪಟ್ಟ ಆಸ್ಪತ್ರೆಗೆ ಕಳುಹಿಸುತ್ತಾರೆ.

ಅಗ್ನಿವೀರರ ಮನೆಯವರ ಗಮನಕ್ಕೆ

2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ಸೇರಿದವರಿಗೆ ಸೇವೆಯ ನಾಲ್ಕು ವರ್ಷ ಸೈನ್ಯದ ಚಿಕಿತ್ಸೆ ಉಂಟು. ನಾಲ್ಕು ವರ್ಷಕ್ಕೆ ಹೊರಬಂದವರಿಗೆ ಪಿಂಚಣಿಯಿಲ್ಲ, ಮೇಲೆ ಹೇಳಿದ ಇ.ಸಿ.ಎಚ್.ಎಸ್. ಕೂಡ ಅನ್ವಯಿಸದು. ಮಗ ಮನೆಗೆ ಬರುವ ಮುಂಚೆಯೇ ಬೇರೆ ಆರೋಗ್ಯ ವಿಮೆಯ ವಿಚಾರ ಮಾಡಿರಿ. ಬಿ.ಪಿ.ಎಲ್. ಕುಟುಂಬವಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು ಇದೆ.

ನೀವು ಮಾಡಬೇಕಾದ್ದು

1. ಮಗ ಈ ಸಲ ರಜೆಗೆ ಬಂದಾಗ, ತಾಯಿ, ತಂದೆ, ಹೆಂಡತಿ, ಮಕ್ಕಳ ಹೆಸರು ದಾಖಲೆಯಲ್ಲಿ ಸೇರಿದೆಯೇ ಎಂದು ಕೇಳಿರಿ. ಆಧಾರ್, ಪಡಿತರ ಚೀಟಿ, ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಇರಲಿ.

2. ಮಾಜಿ ಯೋಧರ ಮನೆಯಲ್ಲಿ ಪ್ರತಿಯೊಬ್ಬ ಅವಲಂಬಿತರಿಗೂ ಕಾರ್ಡು ಆಗಿದೆಯೇ ನೋಡಿರಿ. ಮಗಳ ಮದುವೆಯಾದರೆ, ಮಗನಿಗೆ ನೌಕರಿ ಸಿಕ್ಕಿದರೆ ತಪ್ಪದೆ ತಿಳಿಸಿರಿ.

3. ಹೃದಯಾಘಾತ, ಅಪಘಾತ ಮುಂತಾದ ತುರ್ತಿನಲ್ಲಿ ಚೀಟಿಗಾಗಿ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಸೇರಿಸಿರಿ. ಅದು ಯೋಜನೆಗೆ ಒಳಪಡದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಎಲ್ಲ ರಸೀದಿಗಳನ್ನೂ ಜೋಪಾನವಾಗಿಡಿರಿ. ನಿಗದಿಯಾದ ದರದಂತೆ ಹಣ ಹಿಂದಕ್ಕೆ ಕೇಳಬಹುದು.

4. ಸಂದೇಹವಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿರಿ. ಮಧ್ಯವರ್ತಿಗಳಿಗೆ ಹಣ ಕೊಡಬೇಕಾಗಿಲ್ಲ.

ಮಳೆ ಬರುವ ಮುಂಚೆ ಬದು ಹಾಕುವವನ ಹೊಲದಲ್ಲಿ ನೀರು ನಿಲ್ಲುತ್ತದೆ. ಕಾಗದಪತ್ರವೂ ಅಂತೆಯೇ; ಕಾಯಿಲೆ ಬರುವ ಮುಂಚೆ ಸರಿಪಡಿಸಿಕೊಳ್ಳಿರಿ. ಈ ಸಂಚಿಕೆಯನ್ನು ಓದಲು ಬಾರದ ನೆರೆಯವರಿಗೂ ಓದಿ ಹೇಳಿರಿ.