ಎಚ್.ಐ.ವಿ. ಸೋಂಕು ಮತ್ತು ಸಿ.ಡಿ.4 ಜೀವಕೋಶಗಳು: ಸಾರ್ವಜನಿಕರ ಮಾಹಿತಿಗಾಗಿ

ಎಚ್.ಐ.ವಿ. ಸೋಂಕು ದೃಢಪಟ್ಟರೂ ಯಾವುದೇ ತೊಂದರೆ ಕಾಣದಿದ್ದಲ್ಲಿ ಕೆಲವರು ಚಿಕಿತ್ಸೆಗೆ ನೋಂದಾಯಿಸಿಕೊಳ್ಳುವುದನ್ನು ಮುಂದೂಡುತ್ತಾರೆ. ಈ ಅವಧಿಯಲ್ಲಿ ದೇಹದೊಳಗೆ ಆಗುವ ಹಾನಿಯನ್ನು ಇಲ್ಲಿ ವಿವರಿಸಲಾಗಿದೆ.

ಸಿ.ಡಿ.4 ಜೀವಕೋಶಗಳ ಕಾರ್ಯ

ಸಿ.ಡಿ.4 ಎಂಬುದು ಬಿಳಿ ರಕ್ತಕಣಗಳ ಒಂದು ವಿಧ. ದೇಹವನ್ನು ಪ್ರವೇಶಿಸಿದ ರೋಗಾಣುವನ್ನು ಗುರುತಿಸಿ ಇತರ ರಕ್ಷಕ ಕೋಶಗಳನ್ನು ಕಾರ್ಯಪ್ರವೃತ್ತಗೊಳಿಸುವುದು ಇವುಗಳ ಕೆಲಸ. ಸೋಂಕಿತ ಕೋಶಗಳನ್ನು ನಾಶಪಡಿಸುವ ಸಿ.ಡಿ.8 ಕೋಶಗಳು, ಪ್ರತಿಕಾಯಗಳನ್ನು ಉತ್ಪಾದಿಸುವ ಬಿ ಕೋಶಗಳು ಹಾಗೂ ರೋಗಾಣುಗಳನ್ನು ನುಂಗುವ ಕೋಶಗಳು ಇವುಗಳ ನೆರವನ್ನು ಅವಲಂಬಿಸಿವೆ.

ಸೋಂಕಿನ ಪರಿಣಾಮ

ಎಚ್.ಐ.ವಿ. ವೈರಾಣು ಸಿ.ಡಿ.4 ಕೋಶದೊಳಗೆ ಸೇರಿ, ಅಲ್ಲಿಯೇ ತನ್ನ ಪ್ರತಿಗಳನ್ನು ಉತ್ಪಾದಿಸುತ್ತದೆ. ಕೋಶಗಳು ನಾಶವಾದಂತೆ ದೇಹವು ಹೊಸ ಕೋಶಗಳನ್ನು ತಯಾರಿಸುತ್ತದೆ. ಆದ್ದರಿಂದ ಹಲವು ವರ್ಷಗಳವರೆಗೆ ರೋಗಲಕ್ಷಣ ಕಾಣದಿರಬಹುದು. ಆದರೆ ನಷ್ಟವು ಉತ್ಪಾದನೆಯನ್ನು ಮೀರುತ್ತಾ ಹೋಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಪ್ರತಿ ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500ರಷ್ಟಿರುವ ಈ ಕೋಶಗಳ ಸಂಖ್ಯೆ 200ಕ್ಕಿಂತ ಕಡಿಮೆಯಾದಲ್ಲಿ ಅದನ್ನು ಏಡ್ಸ್ ಹಂತವೆಂದು ಪರಿಗಣಿಸಲಾಗುತ್ತದೆ. ಆಗ ನ್ಯುಮೋನಿಯಾ, ಬಾಯಿ ಮತ್ತು ಅನ್ನನಾಳದ ಶಿಲೀಂಧ್ರ ಸೋಂಕು ಮುಂತಾದವು ತೀವ್ರವಾಗಿ ಕಾಡುತ್ತವೆ. ಕ್ಷಯರೋಗವು ಇದಕ್ಕೂ ಮುಂಚೆಯೇ ಬರಬಹುದು.

ಚಿಕಿತ್ಸೆ

ಎ.ಆರ್.ಟಿ. ಔಷಧಗಳು ವೈರಾಣುವಿನ ವೃದ್ಧಿಯನ್ನು ತಡೆಯುವುದರಿಂದ ಸಿ.ಡಿ.4 ಸಂಖ್ಯೆ ಕ್ರಮೇಣ ಏರುತ್ತದೆ. ಕೆಲವು ಕೋಶಗಳಲ್ಲಿ ವೈರಾಣು ಸುಪ್ತವಾಗಿ ಉಳಿಯುವ ಕಾರಣ ಔಷಧವನ್ನು ಜೀವನಪರ್ಯಂತ ಸೇವಿಸತಕ್ಕದ್ದು. ಭಾರತದಲ್ಲಿ 2004ರಲ್ಲಿ ಉಚಿತ ಎ.ಆರ್.ಟಿ. ಆರಂಭವಾದಾಗ ಸಿ.ಡಿ.4 ಸಂಖ್ಯೆ ಕುಸಿದವರಿಗೆ ಆದ್ಯತೆ ನೀಡಲಾಗುತ್ತಿತ್ತು. 2017ರಿಂದ ಈ ಸಂಖ್ಯೆ ಎಷ್ಟೇ ಇದ್ದರೂ ಸೋಂಕಿತರೆಲ್ಲರೂ ಚಿಕಿತ್ಸೆಗೆ ಅರ್ಹರು. ಆದ್ದರಿಂದ ಸಂಖ್ಯೆ ಇಳಿಯುವವರೆಗೆ ಕಾಯುವ ಅಗತ್ಯವಿಲ್ಲ. ನಿಯಮಿತ ಚಿಕಿತ್ಸೆಯಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಮುಂದುವರಿದಲ್ಲಿ, ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.

ಸೌಲಭ್ಯ ಪಡೆಯುವ ವಿಧಾನ

ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಹಾಗೂ ರಕ್ತಪರೀಕ್ಷೆ ಉಚಿತ. ಸೋಂಕು ದೃಢಪಟ್ಟವರು ಎ.ಆರ್.ಟಿ. ಕೇಂದ್ರದಲ್ಲಿ ನೋಂದಾಯಿಸಿಕೊಂಡು ಉಚಿತವಾಗಿ ಔಷಧ ಪಡೆಯಬಹುದು. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು.

ಗೋಪ್ಯತೆ

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017ರ ಪ್ರಕಾರ ಪರೀಕ್ಷೆಗೆ ವ್ಯಕ್ತಿಯ ತಿಳಿವಳಿಕೆಯುಕ್ತ ಸಮ್ಮತಿ ಅಗತ್ಯ. ಉದ್ಯೋಗ, ಶಿಕ್ಷಣ ಮತ್ತು ಚಿಕಿತ್ಸೆಯಲ್ಲಿ ಸೋಂಕಿತರ ವಿರುದ್ಧ ತಾರತಮ್ಯ ಮಾಡುವುದನ್ನು ನಿಷೇಧಿಸಲಾಗಿದೆ.

ಸಾರ್ವಜನಿಕರು ಸಂಕೋಚಪಡದೆ, ವಿಳಂಬ ಮಾಡದೆ ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.