ವಿಶ್ವದ ಪ್ರದೇಶವೊಂದರ ಆಧುನಿಕ ಇತಿಹಾಸ ಮತ್ತು ಸಂಸ್ಕೃತಿಯ ಉನ್ನತ ವ್ಯಾಸಂಗ: ಆನೇಮಹಲ್ ಹಾಗೂ ಸುತ್ತಲಿನ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ಪಶ್ಚಿಮ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ, ಆಗ್ನೇಯ ಏಷ್ಯಾ ಮುಂತಾದ ಭೂಭಾಗಗಳಲ್ಲಿ ಒಂದನ್ನು ಆಯ್ದು, ಅದರ ಇತಿಹಾಸ, ರಾಜಕೀಯ, ಆರ್ಥಿಕತೆ, ಭಾಷೆ ಮತ್ತು ಸಂಸ್ಕೃತಿಯನ್ನು ಒಟ್ಟಾಗಿ ಅಭ್ಯಸಿಸುವುದಕ್ಕೆ ಪ್ರದೇಶಾಧ್ಯಯನ ಎಂದು ಹೆಸರು.

ಸಕಲೇಶಪುರ, ಆಲೂರು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಲ್ಲಿ ಫ್ರೆಂಚ್ ಕೋಟೆ ನಿರ್ಮಾಣದ ಪ್ರಭಾವವಿದೆ. ಮಂಜರಾಬಾದಿನಲ್ಲಿ ಕಾಫಿ ಬೆಳೆಗಾರನಾಗಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ತೋಟಗಾರಿಕೆ ಕುರಿತ ಪುಸ್ತಕವನ್ನು ಪ್ರಕಟಿಸಿದನು. ವಿಯೆಟ್ನಾಂ 1986ರಲ್ಲಿ ಆರ್ಥಿಕ ಸುಧಾರಣೆ ಕೈಗೊಂಡು ಕಾಫಿ ಬೆಳೆಯನ್ನು ವಿಸ್ತರಿಸಿತು. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ 1989ರಲ್ಲಿ ಕುಸಿಯಿತು. ಈ ತಾಲ್ಲೂಕುಗಳ ತೋಟಗಳಲ್ಲಿ ದೊರೆಯುವ ಬೆಲೆಯ ಹಿಂದೆ ಬ್ರೆಜಿಲ್ ಮತ್ತು ವಿಯೆಟ್ನಾಂಗಳ ಆಧುನಿಕ ಇತಿಹಾಸವೂ ಇದೆ.

ವ್ಯಾಸಂಗದ ಅವಕಾಶ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ನಿಕಾಯವು 1955ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಆರಂಭಗೊಂಡು, 1970ರಲ್ಲಿ ಆ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಮತ್ತು ಪೂರ್ವ ಏಷ್ಯಾ ಅಧ್ಯಯನ ವಿಭಾಗಗಳಿವೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕಾಗಿ 2022ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ.

ಪ್ರಮಾಣ ಪತ್ರಗಳ ಬಗ್ಗೆ ಗಮನಿಸಬೇಕಾದ ಅಂಶಗಳು

ಪರೀಕ್ಷೆಯಲ್ಲಿ ಅರ್ಹರಾದರೂ ಸೂಕ್ತ ಪ್ರಮಾಣ ಪತ್ರವಿಲ್ಲದಿದ್ದಲ್ಲಿ ಮೀಸಲಾತಿಯ ಸೀಟು ಕೈತಪ್ಪುತ್ತದೆ. ಆದುದರಿಂದ ಅಭ್ಯರ್ಥಿಗಳು ಈ ಕೆಳಕಂಡ ಅಂಶಗಳನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳತಕ್ಕದ್ದು.

1. ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬುವು ರಾಜ್ಯದ ವರ್ಗೀಕರಣಗಳು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಈ ಪ್ರಮಾಣ ಪತ್ರ ಸಾಲದು. ಜಾತಿಯು ಕೇಂದ್ರದ ಪಟ್ಟಿಯಲ್ಲಿರಬೇಕು ಹಾಗೂ ಕೇಂದ್ರದ ನಮೂನೆಯಲ್ಲಿ ಇತರೆ ಹಿಂದುಳಿದ ವರ್ಗಗಳ ಪ್ರಮಾಣ ಪತ್ರ ಪಡೆಯಬೇಕು.

2. ಕೆನೆಪದರವನ್ನು ನಿರ್ಧರಿಸುವಾಗ ಸಾಮಾನ್ಯ ಕೃಷಿ ಭೂಮಿಯ ಆದಾಯವನ್ನು ಸೇರಿಸುವುದಿಲ್ಲ. ಆದರೆ 1993ರ ಕೇಂದ್ರ ಆದೇಶದಂತೆ ಕಾಫಿ, ಚಹಾ ಮತ್ತು ರಬ್ಬರ್ ತೋಟಗಳಿಗೆ ಆದಾಯದ ಮಾನದಂಡ ಅನ್ವಯಿಸುತ್ತದೆ. 2017ರಿಂದ ಈ ಮಿತಿ ವಾರ್ಷಿಕ 8 ಲಕ್ಷ ರೂಪಾಯಿ; ಸತತ 3 ವರ್ಷ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಆದಾಯವಿದ್ದವರು ಕೆನೆಪದರಕ್ಕೆ ಸೇರುತ್ತಾರೆ. ಗದ್ದೆ ಹಾಗೂ ಕಾಫಿ ತೋಟ ಎರಡನ್ನೂ ಹೊಂದಿರುವ ಕುಟುಂಬಗಳು ಅರ್ಜಿಯಲ್ಲಿ ಇವನ್ನು ಪ್ರತ್ಯೇಕವಾಗಿ ನಮೂದಿಸುವುದು ಸೂಕ್ತ.

3. ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿ ಕೋರುವ ಕುಟುಂಬದ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರಬೇಕು. 5 ಎಕರೆ ಅಥವಾ ಹೆಚ್ಚು ಕೃಷಿ ಭೂಮಿಯುಳ್ಳವರು, ಆದಾಯ ಎಷ್ಟೇ ಕಡಿಮೆಯಿದ್ದರೂ ಅರ್ಹರಲ್ಲ.

4. ಪ್ರಮಾಣ ಪತ್ರವನ್ನು ಯಾವ ದಿನಾಂಕದ ನಂತರ ಪಡೆದಿರಬೇಕು ಎಂಬುದನ್ನು ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಹಳೆಯ ಪ್ರಮಾಣ ಪತ್ರವನ್ನು ನಂಬಿ ಕೊನೆಯ ದಿನದವರೆಗೆ ಕಾಯಬಾರದು. ಅರ್ಜಿಯನ್ನು ತಮ್ಮ ಹೋಬಳಿಯ ನಾಡಕಚೇರಿಯಲ್ಲಿ ಸಲ್ಲಿಸಬಹುದು.

ವಿದೇಶ ವ್ಯಾಸಂಗ

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. 2022ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ ಮತ್ತು ಇತಿಹಾಸ ಕುರಿತ ವಿಷಯಗಳನ್ನು ಈ ಯೋಜನೆಯಿಂದ ಕೈಬಿಡಲಾಯಿತು. ಆದಕಾರಣ ದಕ್ಷಿಣ ಏಷ್ಯಾ ಅಧ್ಯಯನಕ್ಕೆ ಅರ್ಜಿ ಸಲ್ಲಿಸಬಯಸುವವರು, ತಾವು ಆಯ್ದ ವಿಷಯಕ್ಕೆ ನೆರವು ದೊರೆಯುವುದೇ ಎಂಬುದನ್ನು ಆಯಾ ವರ್ಷದ ಮಾರ್ಗಸೂಚಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ವಿದೇಶಿ ವಿಶ್ವವಿದ್ಯಾಲಯಕ್ಕೆ ಶುಲ್ಕ ಪಾವತಿಸುವುದು ಒಳಿತು.