ಶಾಲೆಯ ಬಾಂಧವ್ಯ ಮತ್ತು ಮನುಷ್ಯನ ಆರೋಗ್ಯ

ಆರೋಗ್ಯವೆಂದೊಡನೆ ನಮ್ಮ ಲಕ್ಷ್ಯವು ಆಹಾರ, ವ್ಯಾಯಾಮ ಮತ್ತು ಔಷಧಿಗಳ ಕಡೆಗೆ ಹರಿಯುವುದು ಸಹಜ. ರಕ್ತದೊತ್ತಡವೆಷ್ಟು, ರಕ್ತದಲ್ಲಿ ಸಕ್ಕರೆಯ ಅಂಶವೆಷ್ಟು ಎಂಬುದನ್ನು ಕಾಲಕಾಲಕ್ಕೆ ಅಳೆಯಿಸಿಕೊಳ್ಳುತ್ತೇವೆ. ಆದರೆ ಮನಸ್ಸು ಬಿಚ್ಚಿ ಮಾತನಾಡಬಲ್ಲ ಸ್ನೇಹಿತರು ತಮಗೆ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ಎಣಿಸಿ ನೋಡುವವರು ವಿರಳ. ಈ ಎಣಿಕೆಯೂ ಆರೋಗ್ಯದ ಲೆಕ್ಕಕ್ಕೆ ಸೇರತಕ್ಕದ್ದೆಂದು ಕಳೆದ ಐದು ದಶಕಗಳ ಸಂಶೋಧನೆಯು ತೋರಿಸಿಕೊಟ್ಟಿದೆ. ಪರಊರಿನಲ್ಲಿ ನೆಲೆಸಿದ ನಮಗೆ ಶಾಲೆಯ ಹಳೆಯ ಬಾಂಧವ್ಯವು ಈ ದೃಷ್ಟಿಯಿಂದ ಎಂತಹ ಸಂಪತ್ತು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನೆರೂಳದ ನೆಲೆ

ಮುಂಬಯಿಯ ಜನಭಾರವನ್ನು ಇಳಿಸುವ ಸಲುವಾಗಿ 1970ರಲ್ಲಿ ಸಿಡ್ಕೋ ಸಂಸ್ಥೆಯು ಸ್ಥಾಪನೆಯಾಯಿತು. 1973ರಲ್ಲಿ ಕೊಲ್ಲಿಯ ಮೇಲಣ ವಾಶಿ ಸೇತುವೆ ತೆರೆಯಿತು. 1992ರಲ್ಲಿ ಲೋಕಲ್ ರೈಲು ವಾಶಿಗೂ, ಮರುವರ್ಷ ನೆರೂಳಕ್ಕೂ ಬಂದಿತು. ದಾದರ, ಮಾಟುಂಗ, ಕೋಟೆ ಪ್ರದೇಶಗಳ ಕಿರುಗೋಣೆಗಳಲ್ಲಿ ದಿನ ಕಳೆದಿದ್ದ ಅನೇಕ ಕನ್ನಡಿಗ ಕುಟುಂಬಗಳು ಬೆಳಕು ಗಾಳಿಗಳನ್ನು ಅರಸಿ ಈ ಹೊಸ ನಗರಕ್ಕೆ ಬಂದವು. ಸೆಕ್ಟರುಗಳಾಗಿ ವಿಂಗಡಿಸಿದ ಅಗಲವಾದ ಬೀದಿಗಳು, ಉದ್ಯಾನಗಳು, ಆಸ್ಪತ್ರೆಗಳು ಇಲ್ಲಿ ದೊರೆತುವು. ಚಾಳಿನ ಪಡಸಾಲೆಯಲ್ಲಿ ತಾನಾಗಿಯೇ ಒದಗುತ್ತಿದ್ದ ಮಾತುಕತೆ ಮಾತ್ರ ಹಿಂದೆ ಉಳಿಯಿತು.

ಈಗ ಆ ಪೀಳಿಗೆಯು ನಿವೃತ್ತವಾಗಿದೆ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೊರಟುಹೋದ ಮನೆಗಳು ಹಲವು. ಎಪ್ಪತ್ತು ವರ್ಷದ ಹಿರಿಯರೊಬ್ಬರು ಏಳನೆಯ ಮಹಡಿಯಲ್ಲಿದ್ದಾರೆಂದು ಭಾವಿಸೋಣ. ಹಾಲು, ಔಷಧಿ, ದಿನಸಿ ಎಲ್ಲವೂ ಬಾಗಿಲಿಗೇ ಬರುತ್ತವೆ. ಪತ್ನಿಯನ್ನು ಕಳೆದುಕೊಂಡ ಬಳಿಕ ದಿನವಿಡೀ ಅವರು ಆಡುವ ಮಾತು ಕಾವಲುಗಾರನೊಡನೆ ಎರಡು, ದೂರವಾಣಿಯಲ್ಲಿ ಮಗನೊಡನೆ ನಾಲ್ಕು. ಇಂತಹವರ ಕಾಯಿಲೆಗೆ ಹೆಸರಿಲ್ಲವಾದುದರಿಂದ ಯಾರೂ ಚಿಕಿತ್ಸೆಯನ್ನು ಸೂಚಿಸುವುದಿಲ್ಲ.

ಗುಡ್ಡದ ಮೇಲಣ ಶಾಲೆ

ಇಂತಹ ಹಿರಿಯರನ್ನು ಎಳೆಯ ಪ್ರಾಯದ ಬಗ್ಗೆ ಕೇಳಿದರೆ ಅವರ ಮಾತು ಬಹಳ ಸಲ ಒಂದು ಶಾಲೆಯ ಹೆಸರಿನಿಂದ ಆರಂಭವಾಗುತ್ತದೆ. ದಕ್ಷಿಣ ಕನ್ನಡದಿಂದ ಬಂದವರಲ್ಲಿ ಅನೇಕರಿಗೆ ಅದು ಮಂಗಳೂರಿನ ಸಂತ ಅಲೋಶಿಯಸ್. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಪಾದ್ರಿಗಳು 1880ರ ಜನವರಿ 12ರಂದು ಕೊಡಿಯಾಲಬೈಲಿನಲ್ಲಿ ಈ ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ಮುಂದೆ ಅದು ಗುಡ್ಡದ ಮೇಲೆ ಬೆಳೆದು ಪ್ರೌಢಶಾಲೆ, ಕಾಲೇಜುಗಳಾಗಿ ವಿಸ್ತರಿಸಿ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಮಟ್ಟಕ್ಕೆ ಏರಿತು. ಇಟಲಿಯ ಸಹೋದರ ಆಂತೋನಿಯೊ ಮೊಸ್ಕೇನಿಯವರು ಚಿತ್ರಿಸಿದ ಅಲ್ಲಿಯ ಪ್ರಾರ್ಥನಾಮಂದಿರವನ್ನು ನೋಡಲು ಇಂದಿಗೂ ಪ್ರವಾಸಿಗರು ಬರುತ್ತಾರೆ.

ಕ್ರೈಸ್ತ ಪಾದ್ರಿಗಳ ಶಾಲೆಯೆಂದ ಮಾತ್ರಕ್ಕೆ ಅಲ್ಲಿ ಕ್ರೈಸ್ತರಷ್ಟೇ ಕಲಿತರೆಂದು ತಿಳಿಯಲಾಗದು. ಬಂಟರು, ಬಿಲ್ಲವರು, ಮೊಗವೀರರು, ಬ್ರಾಹ್ಮಣರು, ಬ್ಯಾರಿಗಳು ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಸ್ಥಳ ಅದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುತ್ತಿದ್ದ ಹುಡುಗರಿಗೆ ಕನ್ನಡವೇ ಸಮಾನ ಭಾಷೆಯಾಯಿತು. ಕನ್ನಡದ ಶ್ರೇಷ್ಠ ವಿದ್ವಾಂಸರಾದ ಮುಳಿಯ ತಿಮ್ಮಪ್ಪಯ್ಯನವರೂ ಸೇಡಿಯಾಪು ಕೃಷ್ಣಭಟ್ಟರೂ ಅಧ್ಯಾಪನ ಮಾಡಿದುದು ಈ ಸಂಸ್ಥೆಯಲ್ಲಿಯೇ. ಕಥೋಲಿಕ ಪಾದ್ರಿಗಳ ಆಶ್ರಯದಲ್ಲಿ ಪಂಪ, ಕುಮಾರವ್ಯಾಸರ ವಿದ್ವತ್ತು ಬೆಳೆಯಿತೆಂಬುದು ನಮ್ಮ ನಾಡಿನ ಸಹಬಾಳ್ವೆಗೆ ಒಂದು ನಿದರ್ಶನ.

ಆರೋಗ್ಯಕ್ಕೂ ಈ ಶಾಲೆಗೂ ಇನ್ನೊಂದು ನಂಟಿದೆ. ಅಲ್ಲಿ ಪಾಠ ಹೇಳಲು ಬಂದ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ಅವರು ಅದೇ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವೊದಗಿಸಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳು ಆ ಬೀಜದಿಂದಲೇ ಬೆಳೆದವು.

ಬಾಂಧವ್ಯ ಬೆಳೆಯುವ ಬಗೆ

ಶಾಲೆಯ ಸ್ನೇಹವು ಇಷ್ಟು ದೀರ್ಘಕಾಲ ಬಾಳುವುದೇಕೆ? ಒಂದನೆಯದಾಗಿ, ಅದು ಲಾಭನಷ್ಟಗಳ ಲೆಕ್ಕ ತಿಳಿಯುವ ಮೊದಲೇ ಹುಟ್ಟಿದುದು. ಎರಡನೆಯದಾಗಿ, ಅದು ಒಟ್ಟಿಗೆ ಮಾಡಿದ ಕೆಲಸದಿಂದ ಗಟ್ಟಿಯಾದುದು. ಬೆಳಗಿನ ಸಭೆ, ಶಿಸ್ತಿನ ಗಂಟೆ, ಕ್ರೀಡಾಕೂಟ, ಎನ್.ಸಿ.ಸಿ., ವಾರ್ಷಿಕೋತ್ಸವದ ನಾಟಕ, ಕಥೋಲಿಕ ಹುಡುಗರು ಧರ್ಮೋಪದೇಶಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ – ಈ ದಿನಚರಿಯು ವರ್ಷವರ್ಷವೂ ಮರುಕಳಿಸುತ್ತ ಗುರುತಾಗಿ ಉಳಿಯುತ್ತದೆ. ಮೂರನೆಯದಾಗಿ, ಹಳೆಯ ಸಹಪಾಠಿಯ ಮುಂದೆ ಹುದ್ದೆ, ಸಂಬಳಗಳ ವೇಷ ನಿಲ್ಲುವುದಿಲ್ಲ. ಬ್ಯಾಂಕಿನ ಮಹಾಪ್ರಬಂಧಕನೂ ಅವನಿಗೆ ಗಣಿತದಲ್ಲಿ ಸೋತ ಹಳೆಯ ಹುಡುಗನೇ.

ಬ್ಯಾಂಕಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸಬಹುದು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ನೌಕರಿಯೇ ನಮ್ಮಲ್ಲಿ ಅನೇಕರನ್ನು ಮುಂಬಯಿಗೆ ಕರೆತಂದಿತು. ಅವುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮೂವತ್ತು ವರ್ಷ ದುಡಿದ ಸಂಸ್ಥೆಯ ನಾಮಫಲಕವೇ ಇಲ್ಲವಾದಾಗ ಮನುಷ್ಯನ ಗುರುತಿನ ಒಂದು ಭಾಗವೂ ಹೋದಂತೆಯೇ. ಆಗ ಉಳಿಯುವ ಹಳೆಯ ಗುರುತುಗಳಲ್ಲಿ ಶಾಲೆಯೂ ಒಂದು.

ಗುಡ್ಡದ ಮೇಲಣ ಶಾಲೆಯ ಭಾಗ್ಯ ಎಲ್ಲರಿಗೂ ಇರಲಿಲ್ಲ. ಎಳೆಯ ಪ್ರಾಯದಲ್ಲಿಯೇ ಊರು ಬಿಟ್ಟು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅವರಿಗೂ ಒಂದು ಶಾಲೆಯಿದೆ, ಸಹಪಾಠಿಗಳಿದ್ದಾರೆ. ಹಸಿವನ್ನೂ ನಿದ್ದೆಯನ್ನೂ ಒಟ್ಟಿಗೆ ಗೆದ್ದವರ ಬಾಂಧವ್ಯ ಒಂದು ಕೈ ಮಿಗಿಲೆಂದರೂ ತಪ್ಪಾಗದು. ಇಲ್ಲಿ ಹೇಳುವ ಮಾತುಗಳೆಲ್ಲವೂ ಅವರಿಗೂ ಅನ್ವಯಿಸುತ್ತವೆ.

ವೈದ್ಯಶಾಸ್ತ್ರದ ಸಾಕ್ಷ್ಯ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅಲಮೇಡ ಜಿಲ್ಲೆಯಲ್ಲಿ 6,928 ವಯಸ್ಕರನ್ನು ಒಂಬತ್ತು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 1979ರಲ್ಲಿ ಪ್ರಕಟವಾಯಿತು. ಬಂಧುಮಿತ್ರರ ಸಂಪರ್ಕ ಅತಿ ಹೆಚ್ಚಾಗಿದ್ದವರಿಗೆ ಹೋಲಿಸಿದರೆ, ಅತಿ ಕಡಮೆಯಿದ್ದ ಪುರುಷರಲ್ಲಿ ಮರಣದ ಸಂಭವ 2.3 ಪಟ್ಟು, ಸ್ತ್ರೀಯರಲ್ಲಿ 2.8 ಪಟ್ಟು ಅಧಿಕವಾಗಿದ್ದುದು ಕಂಡುಬಂದಿತು. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ಮೂರು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು ಪರಿಶೀಲಿಸಿದಾಗ, ಗಟ್ಟಿಯಾದ ಸಾಮಾಜಿಕ ಸಂಬಂಧಗಳುಳ್ಳವರು ಬದುಕುಳಿಯುವ ಸಂಭವ ಶೇಕಡಾ 50ರಷ್ಟು ಹೆಚ್ಚೆಂದು ತಿಳಿಯಿತು. ಲೋಕದ ಪ್ರತಿ ಆರು ಮಂದಿಯಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ವರದಿ ಮಾಡಿತು.

ಕಾಯಿಲೆಯಿಂದಾಗಿಯೇ ಜನಸಂಪರ್ಕ ಕಡಮೆಯಾಗಿರಬಾರದೇಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಸಂಶೋಧಕರು ಆರಂಭದ ಆರೋಗ್ಯಸ್ಥಿತಿ, ಧೂಮಪಾನ ಮುಂತಾದುವನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ ವ್ಯತ್ಯಾಸವು ಪೂರ್ಣವಾಗಿ ಅಳಿಯಲಿಲ್ಲ. ಆದರೂ ಸ್ನೇಹವೇ ರಾಮಬಾಣವೆಂದು ಯಾರೂ ಭಾವಿಸಬಾರದು. ಅದು ಔಷಧಿಗೆ ಜೊತೆಯೇ ಹೊರತು ಬದಲಿಯಲ್ಲ.

ಇದರ ಕಾರ್ಯವಿಧಾನ ಎರಡು ಬಗೆಯದು. ದೇಹದ ಒಳಗೆ ನೋಡಿದರೆ, ದೀರ್ಘಕಾಲದ ಒಂಟಿತನದಿಂದ ಮನಸ್ಸು ಸದಾ ಅಪಾಯವನ್ನು ಎದುರು ನೋಡುವ ಸ್ಥಿತಿಯಲ್ಲಿರುತ್ತದೆ. ಒತ್ತಡದ ಹಾರ್ಮೋನುಗಳು ಏರುಪೇರಾಗುತ್ತವೆ, ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರಬಹುದು. ದೇಹದ ಹೊರಗೆ ನೋಡಿದರೆ, ಸ್ನೇಹಿತನು ಕಾವಲುಗಾರನಂತೆ ಕೆಲಸ ಮಾಡುತ್ತಾನೆ. ಮಾತು ತೊದಲಿದುದನ್ನು, ಬಾಯಿ ಓರೆಯಾದುದನ್ನು, ತೂಕ ಇಳಿದುದನ್ನು ಮೊದಲು ಗುರುತಿಸುವವನು ಅವನೇ. ಪಾರ್ಶ್ವವಾಯುವಿನಲ್ಲಿಯೂ ಹೃದಯಾಘಾತದಲ್ಲಿಯೂ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಬಾಗಿಲು ಹಾಕಿದ ಮನೆಯಲ್ಲಿ ಒಬ್ಬಂಟಿಯಾಗಿರುವವರಿಗೆ ಆ ಗಂಟೆಗಳು ವ್ಯರ್ಥವಾಗಿ ಕಳೆದುಹೋಗುತ್ತವೆ.

ಅರುಪೆಯವರ ಎಚ್ಚರಿಕೆ

ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ವರ್ಷಕ್ಕೊಮ್ಮೆ ಸೇರಿ, ಊಟ ಮಾಡಿ, ಶಾಲೆಯ ಕೀರ್ತಿಯನ್ನು ಹೊಗಳಿ ಚದುರುವ ಕೂಟವೇ? ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತಿದವರು ಯೇಸುಸಭೆಯ ಮಹಾಧಿಕಾರಿಯಾಗಿದ್ದ ಪೆದ್ರೊ ಅರುಪೆ. ವೈದ್ಯಕೀಯ ವ್ಯಾಸಂಗವನ್ನು ಅರ್ಧದಲ್ಲಿ ಬಿಟ್ಟು ಪಾದ್ರಿಯಾದ ಇವರು 1945ರ ಆಗಸ್ಟ್ 6ರಂದು ಹಿರೋಶಿಮಾದ ಹೊರವಲಯದಲ್ಲಿದ್ದರು. ಬಾಂಬು ಬಿದ್ದಾಗ ತಮ್ಮ ಮಠವನ್ನೇ ಆಸ್ಪತ್ರೆಯನ್ನಾಗಿಸಿ ಗಾಯಾಳುಗಳ ಶುಶ್ರೂಷೆ ಮಾಡಿದರು. 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಯೇಸುಸಭೆಯ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಸೇರಿದ್ದಾಗ, ಇತರರಿಗಾಗಿ ಬಾಳುವವರನ್ನು ರೂಪಿಸುವುದೇ ಶಿಕ್ಷಣದ ಗುರಿಯೆಂದು ಅವರು ಸಾರಿದರು. ನಮ್ಮ ಶಾಲೆಗಳು ನಿಮಗೆ ನ್ಯಾಯದ ಪಾಠವನ್ನು ಸಾಕಷ್ಟು ಕಲಿಸಿವೆಯೇ ಎಂದು ಅವರು ಮುಂದಿಟ್ಟ ಪ್ರಶ್ನೆ ಕೆಲವರಿಗೆ ರುಚಿಸಲಿಲ್ಲ.

ಈ ಎಚ್ಚರಿಕೆ ಯಾವ ಮತದವರಿಗೂ ಸಲ್ಲುವುದು. ತಮ್ಮವರೊಳಗೆ ತಾವೇ ಸುತ್ತುವ ಬಾಂಧವ್ಯವು ಕಾಲಕ್ರಮದಲ್ಲಿ ನಿಂತ ನೀರಾಗುತ್ತದೆ. ಹೊರಗಿನವರಿಗೆ ಉಪಕಾರ ಮಾಡುವ ಬಾಂಧವ್ಯವು ಹರಿಯುವ ನೀರು.

ನಾವು ಕೈಗೊಳ್ಳಬಹುದಾದ ಕ್ರಮಗಳು

1. ನೆರೂಳ, ವಾಶಿ, ಬೇಲಾಪುರ, ಪನ್ವೇಲಗಳಲ್ಲಿರುವ ಸಹಪಾಠಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಒಪ್ಪಿದವರ ರಕ್ತದ ಗುಂಪು ಮತ್ತು ತುರ್ತಿಗೆ ಕರೆಯಬೇಕಾದವರ ಹೆಸರು ಅದರಲ್ಲಿರಬೇಕು.

2. ಒಂಟಿಯಾಗಿರುವ ಹಿರಿಯರಿಗೆ ದಿನಕ್ಕೊಮ್ಮೆ ನಿಶ್ಚಿತ ವೇಳೆಯಲ್ಲಿ ಒಬ್ಬರು ದೂರವಾಣಿ ಮಾಡುವ ಏರ್ಪಾಡು ಆಗಬೇಕು. ಉತ್ತರ ಬಾರದಿದ್ದರೆ ಸಮೀಪದ ಸೆಕ್ಟರಿನವರು ಹೋಗಿ ನೋಡಬೇಕು. ಇದಕ್ಕೆ ಹಣ ಬೇಡ, ನಿಷ್ಠೆ ಮಾತ್ರ ಸಾಕು.

3. ವಾರದಲ್ಲಿ ಎರಡು ದಿನವಾದರೂ ಒಟ್ಟಾಗಿ ನಡೆಯುವ ಅಭ್ಯಾಸವಿರಲಿ. ನಡಿಗೆಯಿಂದ ಸಕ್ಕರೆಯೂ, ಮಾತಿನಿಂದ ಮನಸ್ಸಿನ ಭಾರವೂ ಇಳಿಯುತ್ತವೆ.

4. ವಾರ್ಷಿಕ ಸಮ್ಮಿಲನದ ದಿನವೇ ರಕ್ತದಾನ ಶಿಬಿರವನ್ನು ನಡೆಸಬಹುದು. 18ರಿಂದ 65 ವರ್ಷದೊಳಗಿನ, ಆರೋಗ್ಯವಂತರಾದ, ಹಿಮೋಗ್ಲೋಬಿನ್ 12.5 ಗ್ರಾಮಿಗೆ ಕಡಮೆಯಿಲ್ಲದವರು ವೈದ್ಯರ ತಪಾಸಣೆಯ ಬಳಿಕ ರಕ್ತ ಕೊಡಬಹುದು. ಪುರುಷರು ಮೂರು ತಿಂಗಳಿಗೊಮ್ಮೆ, ಸ್ತ್ರೀಯರು ನಾಲ್ಕು ತಿಂಗಳಿಗೊಮ್ಮೆ ಕೊಡಲು ಅಡ್ಡಿಯಿಲ್ಲ.

5. ಊರಿನ ಶಾಲೆಯನ್ನು ಮರೆಯಲಾಗದು. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣಗೊಂಡ ಮೇಲೆ ಪನ್ವೇಲದಲ್ಲಿ ಸಂಜೆ ರೈಲು ಹತ್ತಿದರೆ ಮರುದಿನ ಊರು ಸೇರಬಹುದು. ಹೋದಾಗ ಉಳಿದಿರುವ ಗುರುಗಳನ್ನು ಕಂಡು ಬರಬೇಕು, ಬಡ ವಿದ್ಯಾರ್ಥಿಯೊಬ್ಬನ ಶುಲ್ಕದ ಹೊಣೆಯನ್ನು ಹೊರಬೇಕು.

6. ಇಲ್ಲಿಯ ಶಾಲೆಗಳಲ್ಲಿ ಕಲಿಯುತ್ತಿರುವ ಮೊಮ್ಮಕ್ಕಳು ನಾಳೆ ತಮ್ಮದೇ ಹಳೆಯ ವಿದ್ಯಾರ್ಥಿಗಳ ಬಳಗ ಕಟ್ಟಿಕೊಳ್ಳುವರು. ಅವರನ್ನು ಈ ಕೂಟಗಳಿಗೆ ಕರೆತಂದರೆ ಕನ್ನಡವೂ ಕಿವಿಗೆ ಬೀಳುವುದು, ಸ್ನೇಹವನ್ನು ಕಾಪಾಡುವ ಪಾಠವೂ ದೊರೆಯುವುದು.

ದೇಹಕ್ಕೆ ರೋಗ ಬಂದ ಮೇಲೆ ವೈದ್ಯರನ್ನು ಹುಡುಕಬಹುದು. ಒಂಟಿತನ ಬಂದ ಮೇಲೆ ಸ್ನೇಹಿತರನ್ನು ಹುಡುಕುವುದು ಕಠಿಣ. ಕೈಯಲ್ಲಿ ಬಲವಿರುವಾಗಲೇ, ನೆನಪು ಹಸಿರಾಗಿರುವಾಗಲೇ ಹಳೆಯ ಸಹಪಾಠಿಗಳ ಬಾಗಿಲನ್ನು ತಟ್ಟುವುದು ವಿವೇಕಿಗಳ ಲಕ್ಷಣ. ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ಬಹುಕಾಲದಿಂದ ಮಾತನಾಡದ ಒಬ್ಬ ಸಹಪಾಠಿಗೆ ಕರೆ ಮಾಡಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.